ಬಾಣಂತನಕ್ಕೆ ಮುಂಚೆ ಲಸಿಕೆ: ಕ್ಲಿನಿಕ್ಕಾ, ಫಾರ್ಮಸಿಯಾ, ಕೌಂಟಿ ಶಿಬಿರವಾ?

2024ರ ನವೆಂಬರ್‌ನಲ್ಲಿ ನನಗೆ ಮಗಳು ಹುಟ್ಟಿದಳು. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಹೆರಿಗೆಗೆ ಮುಂಚಿನ ಮೂರು ತಿಂಗಳಲ್ಲಿ ನಾನು, ನನ್ನ ಗಂಡ, ಬಾಣಂತನಕ್ಕೆ ಹಾಸನದಿಂದ ಬಂದ ಅಮ್ಮ, ಮೂವರೂ ಬೇರೆ ಬೇರೆ ಕಡೆ ಲಸಿಕೆ ಹಾಕಿಸಿಕೊಂಡೆವು. ಎಲ್ಲಿ ಹೇಗಾಯಿತು ಅಂತ ಬರೆದಿಡುತ್ತಿದ್ದೇನೆ. ಅಮ್ಮನನ್ನು ಕರೆಸಿಕೊಳ್ಳುವ ಮನೆಗಳಿಗೆ ಉಪಯೋಗಕ್ಕೆ ಬರಬಹುದು.

ಇಷ್ಟೊಂದು ಓಡಾಟ ಯಾಕೆ ಅಂದರೆ, ಮಗುವಿಗೆ ನಾಯಿಕೆಮ್ಮಿನ ಲಸಿಕೆ ಶುರುವಾಗುವುದು ಎರಡು ತಿಂಗಳಿಗೆ. ಫ್ಲೂ ಲಸಿಕೆಯಂತೂ ಆರು ತಿಂಗಳು ತುಂಬಿದ ಮೇಲೇ. ಅಲ್ಲಿಯವರೆಗೆ ಎತ್ತಿ ಆಡಿಸುವವರು ಹಾಕಿಸಿಕೊಂಡಿರಬೇಕು, ಅದೂ ಎರಡು ವಾರ ಮೊದಲೇ.

ಮೊದಲ ಸರದಿ ಅಮ್ಮನದು, ಹಾಸನದಲ್ಲೇ. ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ ನಾಯಿಕೆಮ್ಮು, ಧನುರ್ವಾಯು, ಗಂಟಲಮಾರಿ ಮೂರಕ್ಕೂ ಒಟ್ಟಿಗೆ ಇರುವ ಟಿಡ್ಯಾಪ್ ಲಸಿಕೆ ಹಾಕಿಸಿಕೋ ಅಂದೆ.

"ಕಾಲಿಗೆ ಮೊಳೆ ಚುಚ್ಚಿದಾಗ ಟಿಟಿ ಆಗಿದೆ ಕಣೇ. ಮತ್ತೆ ಯಾಕೆ?"

"ಅಮ್ಮ, ಟಿಟಿಯಲ್ಲಿ ನಾಯಿಕೆಮ್ಮಿಂದು ಇರಲ್ಲ."

ಈ ಗೊಂದಲ ಬಹಳ ಮನೆಗಳಲ್ಲಿದೆ. ಟಿಟಿ ಧನುರ್ವಾಯುವಿಗೆ ಮಾತ್ರ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಈಗ ಕೊಡುವ ಟಿಡಿಯಲ್ಲೂ (ಧನುರ್ವಾಯು, ಗಂಟಲಮಾರಿ ಎರಡಕ್ಕೆ) ನಾಯಿಕೆಮ್ಮಿನ ಭಾಗ ಇಲ್ಲ. ಡಾಕ್ಟರ ಚೀಟಿ ಹಿಡಿದು ಅಮ್ಮ ಮೆಡಿಕಲ್ ಸ್ಟೋರಿಗೆ ಹೋದಳು. ಸ್ಟಾಕ್ ಇರಲಿಲ್ಲ, ತರಿಸಲು ಎರಡು ದಿನ ಹಿಡಿಯಿತು. ನಮ್ಮೂರಿನಲ್ಲಿ ಅಂಗಡಿಯವರು ಲಸಿಕೆ ಮಾರುತ್ತಾರೆ ಅಷ್ಟೇ, ಚುಚ್ಚುವುದು ಕ್ಲಿನಿಕ್‌ನಲ್ಲಿ. ಹಾಗಾಗಿ ಲಸಿಕೆಯನ್ನು ತಣ್ಣಗೆ ಅಲ್ಲಿಗೆ ಮುಟ್ಟಿಸುವ ಜವಾಬ್ದಾರಿ ಕೊಂಡವರದು. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಕೆಟ್ಟಿತು. ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದಳು. ಸಾವಿರ ರೂಪಾಯಿ ಮೇಲಾಯಿತು. ಆದರೆ ಚುಚ್ಚಿದ್ದು ಇಪ್ಪತ್ತು ವರ್ಷದಿಂದ ಅವಳ ಬಿಪಿ ನೋಡುತ್ತಿರುವ ಡಾಕ್ಟರು. ಆ ಧೈರ್ಯಕ್ಕೆ ಬೆಲೆ ಕಟ್ಟಲಾಗದು.

ನನಗೆ ಟಿಡ್ಯಾಪ್ ಮತ್ತು ಫ್ಲೂ ಎರಡೂ ಹೆರಿಗೆ ಡಾಕ್ಟರ ಕ್ಲಿನಿಕ್‌ನಲ್ಲೇ ಆದವು. ಹೇಗೂ ಚೆಕಪ್‌ಗೆ ಹೋಗಿದ್ದೆ. ನರ್ಸ್ ಬಂದರು, ಹಾಕಿದರು, ನನ್ನ ಫೈಲಿನಲ್ಲಿ ಬರೆದುಕೊಂಡರು. ಬೇರೆ ಓಡಾಟ ಇಲ್ಲ, ಇನ್ಶೂರೆನ್ಸ್ ಪೂರ್ತಿ ಕೊಟ್ಟಿತು. ಟಿಡ್ಯಾಪ್ ಅನ್ನು ಪ್ರತಿ ಬಸುರಿನಲ್ಲೂ 27ರಿಂದ 36ನೇ ವಾರದೊಳಗೆ ಹಾಕಿಸಿಕೊಳ್ಳಬೇಕು. ಕ್ಲಿನಿಕ್‌ನವರೇ ವಾರ ಲೆಕ್ಕ ಹಾಕಿ ನೆನಪಿಸಿದರು.

ಆದರೆ ಆರ್‌ಎಸ್‌ವಿ (ಕೂಸುಗಳ ಶ್ವಾಸಕೋಶಕ್ಕೆ ತೊಂದರೆ ಕೊಡುವ ಒಂದು ವೈರಸ್) ಲಸಿಕೆ ಅವರ ಹತ್ತಿರ ಇರಲಿಲ್ಲ. ದುಬಾರಿ, ಸ್ಟಾಕ್ ಇಡಲ್ಲ, ಫಾರ್ಮಸಿಗೆ ಹೋಗಿ ಅಂದರು.

ಫಾರ್ಮಸಿಯಲ್ಲಿ ಶುಕ್ರವಾರ ಸಂಜೆ ಐದೂವರೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ನನಗೆ 34ನೇ ವಾರ. ಕೆಲಸ ಮುಗಿಸಿದವರೆಲ್ಲ ಮಾತ್ರೆ ತೆಗೆದುಕೊಳ್ಳಲು ಬರುವ ಹೊತ್ತು ಅದು ಅಂತ ನನಗೆ ಹೊಳೆದಿರಲಿಲ್ಲ. ಇದ್ದದ್ದು ಒಬ್ಬರೇ ಫಾರ್ಮಸಿಸ್ಟ್. ಮಾತ್ರೆ ಎಣಿಸುವುದು, ಫೋನ್ ಎತ್ತುವುದು, ಸೂಜಿ ಚುಚ್ಚುವುದು ಎಲ್ಲ ಅವರೇ. ಮುಕ್ಕಾಲು ಗಂಟೆ ಕಾದೆ, ಅರ್ಧ ಹೊತ್ತು ನಿಂತೇ. ಆ ತಿಂಗಳಲ್ಲಿ ಅದು ಸಣ್ಣ ಕಷ್ಟವಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಆಗ ಆರ್‌ಎಸ್‌ವಿಗೆ ಅಮೆರಿಕದಲ್ಲಿ ಮೂರು ಲಸಿಕೆ ಇದ್ದವು: ಅಬ್ರಿಸ್ವೊ, ಅರೆಕ್ಸ್‌ವಿ, ಎಮ್‌ರೆಸ್ವಿಯಾ. ಬಸುರಿಯರಿಗೆ ಕೊಡಬಹುದಾದದ್ದು ಅಬ್ರಿಸ್ವೊ ಒಂದೇ. ಉಳಿದೆರಡು ವಯಸ್ಸಾದವರಿಗೆ. ಕ್ಲಿನಿಕ್‌ನಲ್ಲಿ ನಾವು ಬಸುರಿ ಅಂತ ಎಲ್ಲರಿಗೂ ಗೊತ್ತು. ಫಾರ್ಮಸಿಯಲ್ಲಿ ನಾವೇ ಹೇಳಬೇಕು, ಡಬ್ಬಿ ಮೇಲಿನ ಹೆಸರು ಓದಿ ನೋಡಬೇಕು. ನಾನು ತೋರಿಸಿ ಅಂದೆ. ಅವರು ಬೇಜಾರಿಲ್ಲದೆ ತೋರಿಸಿದರು, ಎಷ್ಟನೇ ವಾರ ಅಂತ ಅವರೂ ಕೇಳಿದರು. ಚುಚ್ಚಿದ ಕೈ ಚೆನ್ನಾಗಿತ್ತು, ನೋವೇ ಆಗಲಿಲ್ಲ. ಹದಿನೈದು ನಿಮಿಷ ಕೂರಿಸಿ ಕಳಿಸಿದರು. ಇದಕ್ಕೂ ನಾನು ಕೈಯಿಂದ ಒಂದು ಡಾಲರ್ ಕೊಡಲಿಲ್ಲ.

ಗಂಡನಿಗೆ ಆಫೀಸಿನ ಶಿಬಿರದಲ್ಲಿ ಫ್ಲೂ ಐದು ನಿಮಿಷದಲ್ಲಿ ಮುಗಿಯಿತು. ಅಲ್ಲಿ ಟಿಡ್ಯಾಪ್ ಇರುವುದಿಲ್ಲ. ಅದನ್ನು ಅವರೂ ಫಾರ್ಮಸಿಯಲ್ಲೇ ಹಾಕಿಸಿಕೊಂಡರು.

ಅಮ್ಮ ಅಕ್ಟೋಬರ್‌ನಲ್ಲಿ ಬಂದಳು. ಅವಳಿಗೆ ಫ್ಲೂ ಬಾಕಿ ಇತ್ತು. ಅವಳ ಪ್ರವಾಸಿ ಇನ್ಶೂರೆನ್ಸ್ ಲಸಿಕೆಗೆ ಕೊಡುವುದಿಲ್ಲ. ಅದಕ್ಕೆ ಮೊದಲು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆರೋಗ್ಯ ಇಲಾಖೆಯವರ ಉಚಿತ ಶಿಬಿರಕ್ಕೆ ಹೋದೆವು. ಫೋನ್ ಮಾಡಿ ಕೇಳಿದ್ದೆ, ಕರೆದುಕೊಂಡು ಬನ್ನಿ ಅಂದಿದ್ದರು. ಜನ ಬಹಳ ಒಳ್ಳೆಯವರು. ಆದರೆ 65 ದಾಟಿದವರಿಗೆ ಕೊಡುವ ಹೈ ಡೋಸ್ ಖಾಲಿಯಾಗಿತ್ತು. ಮಾಮೂಲಿಗಿಂತ ನಾಲ್ಕು ಪಟ್ಟು ಜಾಸ್ತಿ ಲಸಿಕೆಯ ಅಂಶ ಇರುವಂಥದ್ದು ಅದು. ಅಮ್ಮನಿಗೆ 67. ಎಲ್ಲೂ ಸಿಗದಿದ್ದರೆ ಮಾಮೂಲಿಯನ್ನೇ ಹಾಕಿಸಬೇಕು, ಸುಮ್ನೆ ಕಾಯಬಾರದು. ನಮಗೆ ಹತ್ತಿರದ ಫಾರ್ಮಸಿಯಲ್ಲಿ ಸಿಗುತ್ತಿತ್ತು, ಅಲ್ಲಿಗೇ ಹೋದೆವು.

"ಮೆಡಿಕಲ್ ಸ್ಟೋರಿನವರು ಚುಚ್ತಾರಾ? ಬೇಡ ಕಣೇ," ಅಂದಳು ಅಮ್ಮ. ಇಲ್ಲಿ ಫಾರ್ಮಸಿಸ್ಟ್‌ಗಳಲ್ಲಿ ಹೆಚ್ಚಿನವರು ಡಾಕ್ಟರೇಟ್ ಮಟ್ಟದ ಓದು ಮುಗಿಸಿರುತ್ತಾರೆ, ಚುಚ್ಚುವ ತರಬೇತಿಯೂ ಆಗಿರುತ್ತದೆ ಅಂತ ಹೇಳಿ ಒಪ್ಪಿಸಿದೆ. ಈ ಸಲ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದೆವು. ಹತ್ತು ನಿಮಿಷದಲ್ಲಿ ಕೆಲಸ ಆಯಿತು. ಹಣ ಮಾತ್ರ ನೂರು ಡಾಲರ್ ದಾಟಿತು. ತೊಂದರೆಯಾದದ್ದು ರವಿಕೆಯ ತೋಳಿನಿಂದ. ಭುಜದ ಮೂಳೆಗಿಂತ ಎರಡು ಬೆರಳು ಕೆಳಗೆ, ಸ್ನಾಯುವಿಗೆ ಚುಚ್ಚಬೇಕು, ಬಿಗಿ ತೋಳು ಅಲ್ಲಿಯವರೆಗೆ ಏರಲಿಲ್ಲ. ಇದ್ದದ್ದು ಒಂದು ಪರದೆ ಅಷ್ಟೇ. ಅಮ್ಮ ಮುದುಡಿಹೋದಳು. ಸಡಿಲ ತೋಳಿನದು ಹಾಕಿಸಿಕೊಂಡು ಹೋಗಬೇಕಿತ್ತು, ನನಗೇ ಹೊಳೆಯಲಿಲ್ಲ.

ಫಾರ್ಮಸಿಯ ನಿಜವಾದ ಕೊರತೆ ಗೊತ್ತಾದದ್ದು ಹೆರಿಗೆಯಾದ ಮೇಲೆ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು: ತಾಯಿಗೆ ಆರ್‌ಎಸ್‌ವಿ ಆಗಿದೆಯಾ? ಹೆರಿಗೆಗೆ ಹದಿನಾಲ್ಕು ದಿನ ಮೊದಲೇ ಆಗಿದ್ದರೆ ಹೆಚ್ಚಿನ ಮಕ್ಕಳಿಗೆ ಅದರ ಇಂಜೆಕ್ಷನ್ ಬೇಕಾಗುವುದಿಲ್ಲ. ದಾಖಲೆ ಇಲ್ಲದಿದ್ದರೆ ಮಗುವಿಗೆ ಕೊಡುತ್ತಾರೆ. ನನ್ನ ಫೈಲಿನಲ್ಲಿ ಕ್ಲಿನಿಕ್‌ನ ಎರಡೂ ಲಸಿಕೆ ಇದ್ದವು, ಫಾರ್ಮಸಿಯದು ಇರಲಿಲ್ಲ. ಗಂಡ ಬ್ಯಾಗಿನಿಂದ ಫಾರ್ಮಸಿಯ ಚೀಟಿ ತೆಗೆದು ಕೊಟ್ಟರು. ತಾರೀಖು ನೋಡಿದರು, ಅಷ್ಟಕ್ಕೆ ಮುಗಿಯಿತು. ಒಂದು ದಿನದ ಕೂಸಿಗೆ ಬೇಡದ ಸೂಜಿ ತಪ್ಪಿತು.

ಅದಾದ ಮೇಲೂ ನಾನು ಫಾರ್ಮಸಿಯನ್ನೇ ಜಾಸ್ತಿ ನೆಚ್ಚುತ್ತೇನೆ. ದೊಡ್ಡವರಿಗೆ, ಒಂದೇ ಲಸಿಕೆ ಬೇಕಾದಾಗ, ಅಷ್ಟು ಸುಲಭ ಬೇರೆ ಇಲ್ಲ. ವಾರದ ನಡುವೆ ಬೆಳಿಗ್ಗೆ ಹೋಗುತ್ತೇನೆ, ಚೀಟಿಯ ಫೋಟೋ ತೆಗೆದು ಅವತ್ತೇ ನಮ್ಮ ಡಾಕ್ಟರಿಗೆ ಕಳಿಸುತ್ತೇನೆ. ಬಸುರಿಯರು ಮಾತ್ರ ಕ್ಲಿನಿಕ್‌ನಲ್ಲಿ ಸಿಗುವುದನ್ನೆಲ್ಲ ಅಲ್ಲೇ ಮುಗಿಸಿಕೊಳ್ಳಿ. ಅಪ್ಪ ಅಮ್ಮ ಬರುವವರಿದ್ದರೆ ಟಿಡ್ಯಾಪ್ ಊರಿನಲ್ಲೇ ಆಗಲಿ. ಮಗಳ ಫ್ಲೂ ಮಕ್ಕಳ ಡಾಕ್ಟರ ಹತ್ತಿರವೇ. ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಅಷ್ಟು ಚಿಕ್ಕವರಿಗೆ ನಮ್ಮ ಫಾರ್ಮಸಿಯಲ್ಲಿ ಹಾಕುವುದಿಲ್ಲ.