ಆರ್/ಕ್ಯೂಟಿಎಲ್: ಲೆಕ್ಕ ಪಕ್ಕಾ, ಡೀಫಾಲ್ಟ್ ನಂಬಬೇಡಿ

ವರ್ಣತಂತುವಿನ ಮೇಲೆ ಮಾರ್ಕರ್‌ಗಳ (ಗುರುತಿಸಬಲ್ಲ ಡಿಎನ್‌ಎ ತಾಣಗಳ) ಕ್ರಮ, ದೂರ ತೋರಿಸುವ ಲಿಂಕೇಜ್ ನಕ್ಷೆಗೆ ಬಿಟ್ಟಿ ಸಿಗುವ ತಂತ್ರಾಂಶಗಳಲ್ಲಿ ಕಾರ್ಲ್ ಬ್ರೋಮನ್ ಮತ್ತು ಸಂಗಡಿಗರ ಆರ್/ಕ್ಯೂಟಿಎಲ್ (R/qtl) ಇವತ್ತಿಗೂ ಗಟ್ಟಿ. ಇದರ ಎಸ್ಟ್.ಮ್ಯಾಪ್ (est.map) ಎಂಬ ಆಜ್ಞೆ ಅಕ್ಕಪಕ್ಕದ ಮಾರ್ಕರ್‌ಗಳ ನಡುವಿನ ಮರುಸಂಯೋಜನೆಯನ್ನು (ಜೋಡಿ ವರ್ಣತಂತುಗಳ ತುಣುಕು ಅದಲುಬದಲಾಗುವುದನ್ನು) ಜಾಗಜಾಗಕ್ಕೆ ಬೇರೆಯಾಗಿ ಅಂದಾಜಿಸುತ್ತದೆ. ಬಾರ್ಲಿಯ ಸೆಂಟ್ರೋಮಿಯರ್ (ವರ್ಣತಂತುವಿನ ಸೊಂಟ) ಬಳಿ ಹತ್ತಾರು ಮೆಗಾಬೇಸ್ (ಒಂದು ಮೆಗಾಬೇಸ್ ಎಂದರೆ ಹತ್ತು ಲಕ್ಷ ಡಿಎನ್‌ಎ ಅಕ್ಷರ) ಒಂದೆರಡು ಸೆಂಟಿಮಾರ್ಗನ್‌ಗೆ (ಸುಮಾರು 1% ಮರುಸಂಯೋಜನೆಯಷ್ಟು ದೂರ) ಮುದುಡಿದ್ದರೆ ನಕ್ಷೆಯೂ ಹಾಗೇ ಬರುತ್ತದೆ. ಈ ಲೆಕ್ಕ ಬಿಟ್ಟು ‘ಒಂದು ಮೆಗಾಬೇಸ್‌ಗೆ ಒಂದು ಸೆಂಟಿಮಾರ್ಗನ್’ ಎಂದು ದೂರ ತುಂಬಿಕೊಂಡರೆ ಕೆಲಸ ಕೆಟ್ಟಿತು.

ಮೊದಲ ತಕರಾರು ಎರರ್.ಪ್ರಾಬ್ (error.prob), ಅಂದರೆ ಜೀನೋಟೈಪ್ ತಪ್ಪಾಗಿ ದಾಖಲಾಗುವ ಸಂಭವದ ಬಗ್ಗೆ. ಡೀಫಾಲ್ಟ್ 0.0001, ಚಿಪ್ ಅಥವಾ ಸೀಕ್ವೆನ್ಸಿಂಗ್ ದತ್ತಾಂಶಕ್ಕೆ ಇದು ಅತಿ ಆಶಾವಾದ. ಸಾಲಿನ ನಡುವೆ ಒಂದು ಜೀನೋಟೈಪ್ ತಪ್ಪಿದರೆ ಇಲ್ಲದ ಎರಡು ಅಡ್ಡದಾಟು (ಮರುಸಂಯೋಜನೆಯ ಜಾಗ) ಕಾಣುತ್ತವೆ. ಬ್ಯಾಕ್‌ಕ್ರಾಸ್‌ನಲ್ಲಿ (ಎರಡು ತಳಿಗಳ ಮೊದಲ ಮಿಶ್ರ ಸಂತತಿ ಎಫ್1 ಅನ್ನು ಮತ್ತೆ ಒಂದು ಮೂಲ ತಳಿಯೊಂದಿಗೆ ಕೂಡಿಸಿದಾಗ) ತಪ್ಪು 1% ಇದ್ದು ಲೆಕ್ಕಕ್ಕೆ ಹಿಡಿಯದಿದ್ದರೆ ಪ್ರತಿ ಅಂತರವೂ ಸುಮಾರು 2 ಸೆಂಟಿಮಾರ್ಗನ್ ಊದಿಕೊಳ್ಳುತ್ತದೆ. ನೂರು ಮಾರ್ಕರ್ ಇದ್ದರೆ ಹತ್ತಿರಹತ್ತಿರ 200. ಇದನ್ನು ಕಂಡು ‘ಇಲ್ಲಿ ಮರುಸಂಯೋಜನೆಯ ಹಾಟ್‌ಸ್ಪಾಟ್ ಇದೆ’ ಎನ್ನುವವರೂ ಉಂಟು! 0.001, 0.0025, 0.005, 0.01 ಹೀಗೆ ಓಡಿಸಿ, ಎಲ್ಲ ವರ್ಣತಂತುಗಳ ಲಾಗ್‌ಲೈಕ್ (ದತ್ತಾಂಶಕ್ಕೆ ನಕ್ಷೆ ಎಷ್ಟು ಹೊಂದುತ್ತದೆ ಎಂಬ ಅಂಕ) ಕೂಡಿ, ಯಾವುದರಲ್ಲಿ ಮೊತ್ತ ಹೆಚ್ಚೋ ಅದನ್ನಿಟ್ಟುಕೊಳ್ಳಿ. ಆ ಮೊತ್ತ ಸಹಜ ಲಾಗರಿದಮ್‌ನಲ್ಲಿರುತ್ತದೆ. ಹತ್ತರ ಲಾಗರಿದಮ್‌ನ ಲಾಡ್ ಅಂಕ ಬೇಕಾದರೆ 2.303ರಿಂದ ಭಾಗಿಸಿ.

ಎರಡನೆಯದು ಇನ್ನೂ ಕಿರಿಕಿರಿ. ಬ್ಯಾಕ್‌ಕ್ರಾಸ್‌ನಲ್ಲಿ ಎಫ್1 ಕೆಲವೆಡೆ ತಾಯಿ, ಕೆಲವೆಡೆ ತಂದೆಯಾಗಿದ್ದರೂ ತಂತ್ರಾಂಶ ಎರಡನ್ನೂ ಕಲಸಿಬಿಡುತ್ತದೆ, ಎಚ್ಚರಿಕೆಯ ಮಾತೇ ಇಲ್ಲ. ತಂದೆ ಕಡೆ 100ರಲ್ಲಿ 5, ತಾಯಿ ಕಡೆ 100ರಲ್ಲಿ 15 ಮರುಸಂಯೋಜಿತ ಎಂದಿಟ್ಟುಕೊಳ್ಳಿ. ಸೇರಿಸಿದರೆ 10%, ಲಾಡ್ 31.97. ಬೇರೆಬೇರೆ ಮಾಡಿದರೆ 21.48 ಮತ್ತು 11.75, ಒಟ್ಟು 33.23. ವ್ಯತ್ಯಾಸ 1.26ನ್ನು 4.605ರಿಂದ ಗುಣಿಸಿದರೆ ಕೈ-ವರ್ಗ (ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಅಂಕ) 5.8, ಒಂದು ಸ್ವಾತಂತ್ರ್ಯ ಡಿಗ್ರಿಗೆ 5% ಮಟ್ಟದ ಮಿತಿ 3.84. ಅಂದರೆ ಆ 10% ಯಾರದ್ದೂ ಅಲ್ಲ. ಸಬ್‌ಸೆಟ್ ಆಜ್ಞೆ ಹಾಕಿ, ಸಸಿಗಳನ್ನು ಬೇರ್ಪಡಿಸಿ ಎರಡು ನಕ್ಷೆ ಮಾಡಿ. ನಾಲ್ಕು ತಳಿಗಳ ಕ್ರಾಸ್‌ನಲ್ಲಾದರೆ ತಾಯಿ-ತಂದೆ ನಕ್ಷೆ ತಾನಾಗಿ ಬೇರೆ ಬರುತ್ತವೆ.

ಮರುಸಂಯೋಜನೆಯ ಪ್ರಮಾಣವನ್ನು ಸೆಂಟಿಮಾರ್ಗನ್‌ಗೆ ತಿರುಗಿಸುವ ಸೂತ್ರ, ಅಂದರೆ ಮ್ಯಾಪ್ ಫಂಕ್ಷನ್‌ನಲ್ಲಿ ಡೀಫಾಲ್ಟ್ ಹಾಲ್ಡೇನ್. ಕೋಸಂಬಿಯೂ ಇದೆ, ನಮ್ಮ ಇತಿಹಾಸಕಾರ ಡಿ. ಡಿ. ಕೋಸಂಬಿಯೇ. 20% ಮರುಸಂಯೋಜನೆಗೆ ಹಾಲ್ಡೇನ್ 25.5, ಕೋಸಂಬಿ 21.2 ಸೆಂಟಿಮಾರ್ಗನ್ ಕೊಡುತ್ತದೆ. ಹಳೆಯ ನಕ್ಷೆಯೊಂದಿಗೆ ಹೋಲಿಸುವ ಮುನ್ನ ಅದು ಯಾವುದರಲ್ಲಿದೆ ಎಂದು ನೋಡಿಕೊಳ್ಳಿ.

ಸಸಿ ನೂರೇ ಇದ್ದರೆ 5% ಅಂದಾಜಿನ ಪ್ರಮಾಣ ದೋಷ 2.2%. ಅಂಥ ಎರಡು ಅಂತರ 3 ಮತ್ತು 7 ಎಂದು ಬಂದರೆ ದರ ಬದಲಾಗಿದೆ ಎಂದು ಬರೆಯಬೇಡಿ. ನಾನೂರು ಸಸಿ ಹಾಕಿ ನೋಡಿ.