ಇಟ್ಟಿಗೆ ಗೂಡು, ಮನೆಮನೆ ಸಮೀಕ್ಷೆ, ಮನೆಯಲ್ಲೇ ಕೂತು ಡೇಟಾ ಕೆಲಸ: ಮೂರು ಇಂಟರ್ನ್‌ಶಿಪ್‌ಗಳ ಹೋಲಿಕೆ

ಬರ, ವಲಸೆ, ಪ್ರವಾಹ, ಯುದ್ಧಗಳ ನಡುವೆಯೂ ಮಕ್ಕಳ ಓದು ನಿಲ್ಲಬಾರದೆಂದು ದುಡಿಯುವ ಸಂಸ್ಥೆಗಳಿಗೆ, ತಮ್ಮ ಕೆಲಸ ಮಕ್ಕಳನ್ನು ತಲುಪಿತೇ, ತಲುಪಿದ್ದರಿಂದ ಅವರ ಕಲಿಕೆಯಲ್ಲಿ ಏನು ಬದಲಾಯಿತು ಎಂಬುದನ್ನು ಲೆಕ್ಕವಿಟ್ಟು ಹೇಳಬಲ್ಲವರು ಬೇಕಾಗುತ್ತದೆ. ಕಾಗದದ ಮೇಲೆ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಎಂದು ಬರೆಯುವ, ಕೆಲಸದಲ್ಲಿರುವವರು ‘ಎಂ ಅಂಡ್ ಇ’ ಎಂದು ಕರೆಯುವ ಈ ವಿಭಾಗದಲ್ಲಿ ನಾನು ಮೂರು ಬಗೆಯ ಇಂಟರ್ನ್‌ಶಿಪ್ ಮಾಡಿದ್ದೇನೆ. ಒಂದು, ಮಾಲೂರು ತಾಲ್ಲೂಕಿನ ಇಟ್ಟಿಗೆ ಗೂಡುಗಳಲ್ಲಿ ವಲಸೆ ಕಾರ್ಮಿಕರ ಮಕ್ಕಳಿಗಾಗಿ ಕಲಿಕಾ ಕೇಂದ್ರ ನಡೆಸುವ ಸಣ್ಣ ಸಂಸ್ಥೆಯಲ್ಲಿ. ಇನ್ನೊಂದು, ಶಿಡ್ಲಘಟ್ಟ ಮತ್ತು ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ನಡೆದ ಮನೆಮನೆ ಕಲಿಕಾ ಸಮೀಕ್ಷೆಯಲ್ಲಿ. ಮೂರನೆಯದು, ತುಮಕೂರಿನ ನನ್ನ ಮನೆಯಲ್ಲೇ ಕೂತು, ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳ ಕಲಿಕಾ ಕೇಂದ್ರಗಳ ಡೇಟಾ ನೋಡಿಕೊಂಡ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ.

ಯಾವುದನ್ನು ಆರಿಸಿಕೊಳ್ಳಬೇಕೆಂದು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಕಿರಿಯರು ಕೇಳುತ್ತಿರುತ್ತಾರೆ. ಮೂರೂ ಒಳ್ಳೆಯವೇ ಎಂದು ಹೇಳಿ ಕಳುಹಿಸಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಮೊದಲ ಇಂಟರ್ನ್‌ಶಿಪ್ ಆಗಿ ಗೂಡಿನ ಕೇಂದ್ರದಂಥ ಕೆಲಸವನ್ನೇ ಹಿಡಿಯಬೇಕು, ಹೆಸರುವಾಸಿ ಸಂಸ್ಥೆಯ ದೂರದ ಕೆಲಸವನ್ನು ಎರಡನೆಯದಾಗಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಲೂರು ಹೆಂಚು ಮತ್ತು ಇಟ್ಟಿಗೆಗೆ ಹೆಸರಾದ ಊರು. ಮಳೆಗಾಲ ಕಳೆದ ಮೇಲೆ ಗೂಡುಗಳ ಕೆಲಸ ಚುರುಕಾಗಿ, ಮುಂದಿನ ಮುಂಗಾರು ಹಿಡಿಯುವ ಹೊತ್ತಿಗೆ ನಿಂತುಹೋಗುತ್ತದೆ. ನಮ್ಮ ಶಾಲೆಗಳ ವರ್ಷವಾದರೋ ಜೂನ್ ಸುಮಾರಿಗೆ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬರುವ ಕುಟುಂಬಗಳ ಮಕ್ಕಳು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೊಂಡೇ ಇಲ್ಲಿ ಹಸಿ ಇಟ್ಟಿಗೆಯ ಸಾಲುಗಳ ನಡುವೆ ಇರುತ್ತಾರೆ. ಅಲ್ಲಿ ದಾಖಲಾತಿ ಇದೆ, ಹಾಜರಾತಿ ಇಲ್ಲ. ದಾಖಲಾತಿ ಮತ್ತು ಹಾಜರಾತಿ ಎರಡು ಬೇರೆ ಸೂಚಕಗಳು ಎಂದು ಪಾಠದಲ್ಲಿ ಒಂದು ಸಾಲಿನಲ್ಲಿ ಓದಿ ಮುಗಿಸಿದ್ದೆ. ರಾಜ್ಯದ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಒಂದು ಊರಿನ ವಿದ್ಯಾರ್ಥಿಯಾಗಿರುವ ಹುಡುಗ ಇನ್ನೊಂದು ಜಿಲ್ಲೆಯ ಗೂಡಿನಲ್ಲಿ ತಂಗಿಯನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿರುವುದನ್ನು ನೋಡಿದ ಮೇಲೆ ಆ ಸಾಲು ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಅಲ್ಲಿ ನನ್ನ ಕೆಲಸ ಮೂರು ತೆರನಾಗಿತ್ತು. ವಾರಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ ಕೇಂದ್ರಕ್ಕೆ ಹೋಗಿ ತಲೆ ಎಣಿಸಿ, ಪುಸ್ತಕದ ಹಾಜರಿಯೊಡನೆ ತಾಳೆ ನೋಡುವುದು. ಸೇರಿದಾಗ ಮತ್ತು ಗೂಡಿನ ಕೆಲಸ ಮುಗಿಯುವ ಮುನ್ನ ಪ್ರತಿ ಮಗುವಿನ ಓದು ಮತ್ತು ಲೆಕ್ಕದ ಮಟ್ಟ ಅಳೆಯುವುದು. ಪೋಷಕರ ಅಹವಾಲುಗಳನ್ನು ಬರೆದುಕೊಂಡು ಅದಕ್ಕೆ ಏನು ಉತ್ತರ ಹೋಯಿತು ಎಂಬುದನ್ನು ದಾಖಲಿಸುವುದು.

ಮಟ್ಟ ಅಳೆಯುವ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಮಗುವಿನ ಮುಂದೆ ಓದುವ ಹಾಳೆ ಹಿಡಿದು ಕೂತ ಕೂಡಲೇ ಸುತ್ತ ಜನ ಸೇರುತ್ತಾರೆ. ಮಣ್ಣು ಮೆತ್ತಿದ ಕೈಯನ್ನು ಸೀರೆಗೆ ಒರೆಸುತ್ತ ಬರುವ ತಾಯಿ, ಬೆನ್ನ ಹಿಂದೆ ನಿಂತ ಅಣ್ಣ, ಅಕ್ಕಪಕ್ಕದ ಗುಡಿಸಲಿನವರು. ಹುಡುಗಿ ಎರಡನೆಯ ಪದಕ್ಕೆ ತಡೆದರೆ ಅಣ್ಣ ಪಿಸುಗುಟ್ಟುತ್ತಾನೆ, ಅವಳು ಹೇಳುತ್ತಾಳೆ, ಅಳೆದದ್ದು ಅಣ್ಣನ ಓದು ಆಗಿಬಿಡುತ್ತದೆ. ಅವನನ್ನು ಗದರಿಸಿದರೆ ಹುಡುಗಿಯೂ ಮುದುಡುತ್ತಾಳೆ. ನಮ್ಮ ಫೀಲ್ಡ್ ಸಂಯೋಜಕಿ ಅಕ್ಕ ಹೇಳಿಕೊಟ್ಟ ಉಪಾಯ ಸರಳವಾಗಿತ್ತು: ಅಣ್ಣನ ಕೈಗೂ ಬೇರೆಯೇ ಒಂದು ಹಾಳೆ ಕೊಟ್ಟು, ‘ನೀನು ಆ ಕಡೆ ಕೂತು ಓದಿಕೋ, ಆಮೇಲೆ ನಿನ್ನ ಸರದಿ’ ಎಂದು ದೂರ ಕೂರಿಸುವುದು. ಕನ್ನಡ ಮನೆಮಾತಲ್ಲದ ಮಗುವಿಗೆ ಕನ್ನಡದ ಹಾಳೆಯೊಂದನ್ನೇ ಕೊಟ್ಟು ‘ಓದಲು ಬಾರದು’ ಎಂದು ಗುರುತು ಹಾಕುವಂತಿರಲಿಲ್ಲ. ಮನೆಮಾತು ಯಾವುದು, ಹಿಂದೆ ಯಾವ ಭಾಷೆಯ ಶಾಲೆಯಲ್ಲಿ ಎಷ್ಟು ಕಲಿತಿದೆ ಎಂಬ ಕಲಂಗಳನ್ನು ತುಂಬಿದ ಮೇಲೆಯೇ ಹಾಳೆ ಹಿಡಿಯಬೇಕಿತ್ತು. ಮೊಬೈಲ್‌ನಲ್ಲಿ ಮಾಹಿತಿ ತುಂಬುವ ಕೋಬೋ ಟೂಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತುಂಬಿಟ್ಟು ಸಂಜೆ ಕಳುಹಿಸಬಹುದಾದ್ದರಿಂದ ಅಷ್ಟರಮಟ್ಟಿಗೆ ತೊಂದರೆ ಇರಲಿಲ್ಲ.

ಈ ಇಂಟರ್ನ್‌ಶಿಪ್‌ನಲ್ಲಿ ಕಲಿತ ಅತಿ ದೊಡ್ಡ ವಿಷಯ ಸರಾಸರಿಯನ್ನು ಹೇಗೆ ಓದಬೇಕೆಂಬುದು. ಒಂದು ಕೇಂದ್ರದಲ್ಲಿ 40 ಮಕ್ಕಳಿಗೆ ಬೇಸ್‌ಲೈನ್, ಅಂದರೆ ಸೇರಿದಾಗಿನ ಅಳತೆ ಆಯಿತು, ಎಂಡ್‌ಲೈನ್ ಎಂಬ ಕೊನೆಯ ಅಳತೆಯ ಹೊತ್ತಿಗೆ 25 ಮಕ್ಕಳು ಉಳಿದರು ಎಂದು ಇಟ್ಟುಕೊಳ್ಳೋಣ. ಬಿಟ್ಟುಹೋದ 15 ಮಕ್ಕಳು ಓದಿನಲ್ಲಿ ಹಿಂದಿದ್ದವರೇ ಆಗಿದ್ದರೆ, ಉಳಿದ ಒಬ್ಬ ಮಗುವೂ ಒಂದಕ್ಷರ ಹೆಚ್ಚು ಕಲಿಯದಿದ್ದರೂ ಕೇಂದ್ರದ ಸರಾಸರಿ ಏರುತ್ತದೆ. ಆದ್ದರಿಂದ ಎರಡೂ ಸಲ ಅಳೆದ ಮಕ್ಕಳ ಮೊದಲ ಮತ್ತು ಕೊನೆಯ ಮಟ್ಟಗಳನ್ನು ಮಾತ್ರ ಹೋಲಿಸಬೇಕು. ಹೋದವರು ಯಾರು, ಯಾವಾಗ ಹೋದರು, ಏಕೆ ಹೋದರು ಎಂಬುದನ್ನು ಪ್ರತ್ಯೇಕ ಕೋಷ್ಟಕದಲ್ಲಿ ಕೊಡಬೇಕು. ವಲಸೆಯ ಮಕ್ಕಳೊಡನೆ ಕೆಲಸ ಮಾಡುವ ಯಾವ ಸಂಸ್ಥೆಗೂ ಈ ಎರಡನೆಯ ಕೋಷ್ಟಕವೇ ಮುಖ್ಯ ಎಂದು ನನಗೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ನಾನಿದ್ದ ಸಂಸ್ಥೆ ಚಿಕ್ಕದಾದರೂ ಅದನ್ನು ವರದಿಯಲ್ಲಿ ಮುಚ್ಚಿಡಲಿಲ್ಲ. ನಾನು ಅಳೆದ ಮಕ್ಕಳಲ್ಲಿ ಕೆಲವರನ್ನು ಇನ್ನೊಬ್ಬರು ಮತ್ತೆ ಅಳೆದು ನೋಡುವ ಬ್ಯಾಕ್ ಚೆಕ್ ಪದ್ಧತಿಯೂ ಅಲ್ಲಿತ್ತು.

ಕೊರತೆಗಳೂ ಇದ್ದವು. ಸ್ಟೈಪೆಂಡ್ ಎಂದು ಕೊಡುತ್ತಿದ್ದದ್ದು ಬಸ್ಸಿಗೂ ಊಟಕ್ಕೂ ಸರಿಹೋಗುತ್ತಿತ್ತು, ಅಷ್ಟೇ. ಬರೆದು ಕೊಡುವ ತರಬೇತಿ ಕಡಿಮೆ. ಸೂಚಕಗಳ ಪಟ್ಟಿ ಸಂಯೋಜಕಿ ಅಕ್ಕನ ತಲೆಯಲ್ಲಿತ್ತೇ ಹೊರತು ಕಡತದಲ್ಲಿ ಪೂರ್ತಿಯಾಗಿ ಇರಲಿಲ್ಲ. ದಿನವಿಡೀ ಧೂಳು, ಬಿಸಿಲು. ಸಂಜೆಯಾದ ಮೇಲೆ ಗೂಡುಗಳ ಕಡೆಯಿಂದ ಮುಖ್ಯರಸ್ತೆಗೆ ಬರುವುದು ಹೆಣ್ಣುಮಕ್ಕಳಿಗೆ ಕಷ್ಟ. ಈ ಮಾತನ್ನು ಸೇರುವ ಮೊದಲೇ ಮುಕ್ತವಾಗಿ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು.

ಮನೆಮನೆ ಸಮೀಕ್ಷೆಯ ವಿಷಯವನ್ನು ಚುಟುಕಾಗಿ ಹೇಳಬಹುದು. ‘ಪ್ರಥಮ್’ ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಎಂಬ ಲೆಕ್ಕವಿದೆ. ಶಾಲೆಯಲ್ಲಲ್ಲ, ಮನೆಯಲ್ಲಿ ಮಗುವನ್ನು ಕಂಡು ಅಕ್ಷರ, ಪದ, ಒಂದನೆಯ ತರಗತಿಯ ಸುಲಭ ವಾಕ್ಯಗಳು, ಎರಡನೆಯ ತರಗತಿಯ ಕಥೆ ಎಂಬ ಹಂತಗಳಲ್ಲಿ ಓದಿಸಲಾಗುತ್ತದೆ. ಕಾಲೇಜಿನ ಮೂಲಕ ನಾನು ಸೇರಿದ್ದು ಇದೇ ಮಾದರಿಯ ಸಣ್ಣ ಸಮೀಕ್ಷೆ. ಮನೆಯಲ್ಲಿ ಅಳೆಯುವುದರಿಂದ ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಸಿಗುತ್ತದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸಿದ ವಿದ್ಯಾಗಮದಂಥ ಪ್ರಯತ್ನಗಳ ನಂತರ 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮವನ್ನೇ ಇಡೀ ರಾಜ್ಯದಲ್ಲಿ ನಡೆಸಬೇಕಾಗಿ ಬಂದಿತ್ತು. ಅಂಥ ಸಂದರ್ಭದಲ್ಲಿ ಮಕ್ಕಳು ಎಲ್ಲಿ ನಿಂತಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಸುಲಭವೂ ಪಾರದರ್ಶಕವೂ ಆದ ಸಾಧನ ನನಗೆ ಗೊತ್ತಿಲ್ಲ. ತಾಯಿ ತಂದೆಯ ಎದುರಿಗೇ ಮಗು ಓದುತ್ತದೆ. ಫಲಿತಾಂಶ ಅವರಿಗೆ ಅಲ್ಲೇ ಕಾಣುತ್ತದೆ.

ಶಿಡ್ಲಘಟ್ಟದ ಕಡೆ ಇನ್ನೊಂದು ಪಾಠ ಸಿಕ್ಕಿತು. ರೇಷ್ಮೆ ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸದಲ್ಲಿರುತ್ತಾರೆ. ಆ ದಿನ ಶಾಲೆಗೆ ಹೋಗದ ಮಗು ‘ಶಾಲೆ ಬಿಟ್ಟ ಮಗು’ ಅಲ್ಲ. ರೋಗ ತಗುಲೀತೆಂದು ಹುಳು ಸಾಕುವ ಕೋಣೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ, ಜಗಲಿಯ ಮೇಲೆ ಕಾದು, ‘ಸಂಜೆ ಬಾ ತಾಯಿ’ ಎಂದರೆ ಸಂಜೆ ಮತ್ತೆ ಹೋಗಿ, ಮಗುವಿಗೆ ಬಿಡುವಾದಾಗ ಓದಿಸಬೇಕು. ಆದರೆ ಸಮೀಕ್ಷೆಯ ಇಂಟರ್ನ್‌ಶಿಪ್ ಕೆಲವೇ ದಿನಗಳ ತರಬೇತಿ ಮತ್ತು ಓಡಾಟದಲ್ಲಿ ಮುಗಿದುಹೋಗುತ್ತದೆ. ಹಾಳೆಗಳನ್ನು ಒಪ್ಪಿಸಿದ ಮೇಲೆ ವಿಶ್ಲೇಷಣೆ ಬೇರೆಯವರ ಕೈಯಲ್ಲಿ. ಇದನ್ನು ಪದವಿಯ ಮೊದಲ ವರ್ಷದಲ್ಲೇ ಮಾಡಿ ಮುಗಿಸುವುದು ಒಳ್ಳೆಯದು. ಇದೊಂದನ್ನೇ ನಂಬಿ ಉದ್ಯೋಗಕ್ಕೆ ಅರ್ಜಿ ಹಾಕಿದರೆ ಸಾಲದು.

ದೂರದ ಇಂಟರ್ನ್‌ಶಿಪ್‌ನ ಶಿಸ್ತು ಮಾತ್ರ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಕಾಕ್ಸ್ ಬಜಾರ್‌ಗೆ ಬಂದರು. ಅಲ್ಲಿ ಮಕ್ಕಳು ಪಾಳಿಯ ಮೇಲೆ ಕಲಿಕಾ ಕೇಂದ್ರಗಳಿಗೆ ಬರುತ್ತಾರೆ. ಅನೇಕ ಸಂಸ್ಥೆಗಳು ಒಂದೇ ಶಿಬಿರದಲ್ಲಿ ಕೆಲಸ ಮಾಡುವಾಗ ಯಾರು, ಏನು, ಎಲ್ಲಿ, ಯಾವಾಗ, ಯಾರಿಗಾಗಿ ಮಾಡುತ್ತಿದ್ದಾರೆ ಎಂಬ ಕೋಷ್ಟಕವನ್ನು ಕ್ರಮವಾಗಿ ತುಂಬಿ ಕಳುಹಿಸಬೇಕು. ಅದನ್ನು ಶುದ್ಧಗೊಳಿಸುವುದು, ಒಂದೇ ಮಗು ಎರಡು ಕೇಂದ್ರಗಳ ಲೆಕ್ಕದಲ್ಲಿ ಬಂದಿದೆಯೇ ಎಂದು ಹುಡುಕುವುದು, ಅಂಕಿಗಳನ್ನು ಹೆಣ್ಣು-ಗಂಡು, ವಯಸ್ಸು, ಅಂಗವೈಕಲ್ಯದ ಪ್ರಕಾರ ಬೇರ್ಪಡಿಸುವುದು ನನ್ನ ಕೆಲಸ. ಪ್ರತಿ ಸೂಚಕಕ್ಕೂ ಒಂದು ಪುಟ ಇತ್ತು: ಅದರ ವ್ಯಾಖ್ಯೆ, ಅಂಶ, ಛೇದ, ಮೂಲ, ಎಷ್ಟು ದಿನಕ್ಕೊಮ್ಮೆ, ಯಾರ ಜವಾಬ್ದಾರಿ. ಮಾಲೂರಿನಲ್ಲಿ ಒಬ್ಬರ ತಲೆಯಲ್ಲಿದ್ದದ್ದು ಇಲ್ಲಿ ಕಾಗದದ ಮೇಲಿತ್ತು. ತುರ್ತು ಪರಿಸ್ಥಿತಿಯ ಶಿಕ್ಷಣಕ್ಕಾಗಿ ಐಎನ್‌ಇಇ ಜಾಲವು 2004ರಲ್ಲಿ ಹೊರತಂದು 2010 ಮತ್ತು 2024ರಲ್ಲಿ ಪರಿಷ್ಕರಿಸಿದ ಕನಿಷ್ಠ ಮಾನದಂಡಗಳನ್ನೂ, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿಯ ಆರು ಮೌಲ್ಯಮಾಪನ ಅಳತೆಗೋಲುಗಳನ್ನೂ, ಅಂದರೆ ಪ್ರಸ್ತುತತೆ, ಹೊಂದಾಣಿಕೆ, ಗುರಿ ಮುಟ್ಟಿದ ಪ್ರಮಾಣ, ದಕ್ಷತೆ, ದೂರಗಾಮಿ ಪ್ರಭಾವ, ಸುಸ್ಥಿರತೆ ಇವುಗಳನ್ನು, ನಾನು ಕೆಲಸದ ಭಾಗವಾಗಿ ಓದಿದ್ದು ಇಲ್ಲಿಯೇ.

ಆದರೆ ಪರದೆಯ ಮೇಲೆ ಒಂದು ಅಂಕಿ ವಿಚಿತ್ರವಾಗಿ ಕಂಡಾಗ ಅದರ ಹತ್ತಿರ ಹೋಗುವ ದಾರಿ ಇರಲಿಲ್ಲ. ಒಂದು ಕೇಂದ್ರಗುಚ್ಛದ ಹಾಜರಾತಿ ಹಠಾತ್ತಾಗಿ ಕುಸಿದದ್ದನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ಪ್ರಶ್ನೆ ಕಳುಹಿಸಿದೆ. ಮಳೆಗೆ ಗುಡ್ಡದ ಕಾಲುದಾರಿ ಕೊಚ್ಚಿಹೋಗಿತ್ತು ಎಂಬ ಉತ್ತರ ಬರುವಷ್ಟರಲ್ಲಿ ವರದಿ ಹೊರಟುಹೋಗಿತ್ತು. ಗೂಡಿನಲ್ಲಾದರೆ ಅದೇ ಮಧ್ಯಾಹ್ನ ಮೇಸ್ತ್ರಿಯನ್ನೋ ತಾಯಿಯನ್ನೋ ಕೇಳಿ ಕಾರಣ ಬರೆದುಕೊಳ್ಳುತ್ತಿದ್ದೆ. ಮಾಲೂರಿನ ಅನುಭವವಿಲ್ಲದೆ ಈ ಕೆಲಸಕ್ಕೆ ಕೂತಿದ್ದರೆ, ಕುಸಿದ ಅಂಕಿಯನ್ನು ಟೈಪಿಂಗ್ ತಪ್ಪೆಂದು ತಿಳಿದು ಅಳಿಸುವ ಸಾಧ್ಯತೆ ಬಹಳವಿತ್ತು. ನಾನು ಅನುಕ್ರಮಕ್ಕೆ ಇಷ್ಟು ಒತ್ತು ಕೊಡುವುದು ಈ ಕಾರಣಕ್ಕೆ.

ದುಡ್ಡಿನ ಮಾತು. ದೊಡ್ಡ ಹೆಸರು ಎಂದರೆ ದೊಡ್ಡ ಸ್ಟೈಪೆಂಡ್ ಎಂದು ತಿಳಿಯಬಾರದು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಗಳಿಗೆ ಸಂಬಳವೇ ಇಲ್ಲದ ಪದ್ಧತಿ ಬಹುಕಾಲದಿಂದ ಇದೆ. ದೂರದ ಕೆಲಸದಲ್ಲಿ ನನಗೆ ಸಿಕ್ಕಿದ್ದು ಮಾಲೂರಿನದಕ್ಕಿಂತ ಹೆಚ್ಚು, ಖರ್ಚು ಕಡಿಮೆ. ಮನೆಯಿಂದ ದೂರ ಹೋಗಲಾಗದವರಿಗೆ, ಪಾವಗಡದ ಗಡಿಹಳ್ಳಿಯಲ್ಲಿ ಕೂತು ಇಂಥ ಕೆಲಸ ಮಾಡಬಹುದೆಂಬುದು ಸಣ್ಣ ಅನುಕೂಲವಲ್ಲ. ಇಂಥವರು ತಮ್ಮ ಊರಿನ ಶಾಲೆಯಲ್ಲಿ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಪ್ಪಿಗೆ ಪಡೆದು ಕೆಲವು ವಾರ ತಲೆ ಎಣಿಕೆ ಮತ್ತು ಹಾಜರಿ ತಾಳೆ ನೋಡುವ ಅಭ್ಯಾಸವನ್ನಾದರೂ ಜೊತೆಗೆ ಇಟ್ಟುಕೊಳ್ಳಲಿ.

ನಮ್ಮ ಜಿಲ್ಲೆಗಳವರಿಗೆ ಮೂರೂ ಕಡೆ ಉಪಯೋಗಕ್ಕೆ ಬರುವ ಒಂದು ಎಚ್ಚರವೂ ಇದೆ. ಕಂದಾಯ ಜಿಲ್ಲೆಯಾಗಿ ತುಮಕೂರು ಒಂದೇ ಆದರೂ ಶಿಕ್ಷಣ ಇಲಾಖೆಯಲ್ಲಿ ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾದ್ದರಿಂದ 2001ರ ಜನಗಣತಿಯ ಕೋಷ್ಟಕಗಳಲ್ಲಿ ಅದರ ತಾಲ್ಲೂಕುಗಳು ಕೋಲಾರದೊಳಗಿವೆ. ಛೇದದಲ್ಲಿ ಯಾವ ‘ತುಮಕೂರು’, ಯಾವ ‘ಕೋಲಾರ’ ಇದೆ ಎಂದು ನೋಡದೆ ಶೇಕಡಾವಾರು ಲೆಕ್ಕ ಹಾಕಿದರೆ ಪಾವಗಡ, ಶಿರಾ, ಬಾಗೇಪಲ್ಲಿಯಂಥ ಬರದ ತಾಲ್ಲೂಕುಗಳ ಮಕ್ಕಳು ಲೆಕ್ಕದಿಂದಲೇ ಜಾರಿಹೋಗುತ್ತಾರೆ.

ಸಂದರ್ಶನಕ್ಕೆ ಹೋದಾಗ ಸಂಸ್ಥೆಯವರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ನಾನು ಎರಡನ್ನು ಬಿಡುವುದೇ ಇಲ್ಲ. ಇಂಟರ್ನ್‌ಗಳು ತಂದ ಅಂಕಿಯಿಂದ ಕಳೆದ ವರ್ಷ ಕಾರ್ಯಕ್ರಮದಲ್ಲಿ ಏನು ಬದಲಾಯಿಸಿದಿರಿ ಎಂಬುದು ಒಂದು. ಮಕ್ಕಳ ಹೆಸರು, ಫೋಟೊ, ಮನೆಯ ಜಿಪಿಎಸ್ ಯಾರ ಫೋನಿನಲ್ಲಿ ಎಷ್ಟು ಕಾಲ ಇರುತ್ತದೆ ಎಂಬುದು ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಗೂಡಿನಲ್ಲಿ ಸಾಲ ಮಾಡಿ ಸಿಕ್ಕಿಕೊಂಡ ಕುಟುಂಬದ ವಿಳಾಸ ಬೇರೆಯವರ ಕೈಗೆ ಸಿಕ್ಕರೆ ಆಗುವ ತೊಂದರೆ ಕಾಯ್ದೆಯ ದಂಡಕ್ಕಿಂತ ದೊಡ್ಡದು. ಈ ಎರಡಕ್ಕೆ ನೇರ ಉತ್ತರ ಕೊಡದ ಸಂಸ್ಥೆ ಎಷ್ಟೇ ಹೆಸರುವಾಸಿಯಾಗಿದ್ದರೂ ಅಲ್ಲಿಗೆ ಸೇರಬೇಡಿ ಎಂದೇ ಕಿರಿಯರಿಗೆ ಹೇಳುತ್ತೇನೆ.

ಗೂಡಿನ ಕೇಂದ್ರಗಳಲ್ಲಿ ಕೆಲಸ ಬಯಸುವವರು ದಸರೆಯ ಆಸುಪಾಸಿನಲ್ಲೇ ಸಂಸ್ಥೆಗಳನ್ನು ವಿಚಾರಿಸುವುದು ಒಳ್ಳೆಯದು. ಕುಟುಂಬಗಳು ಬಂದಿಳಿಯುವ ಮೊದಲ ವಾರಗಳಲ್ಲೇ ಬೇಸ್‌ಲೈನ್ ನಡೆಯುತ್ತದೆ. ಸಂಕ್ರಾಂತಿ ಕಳೆದು ಸೇರಿದವರಿಗೆ ಎಂಡ್‌ಲೈನ್ ಮಾತ್ರ ಸಿಗುತ್ತದೆ, ಆಗ ಯಾವ ಮಗು ಎಲ್ಲಿಂದ ಎಲ್ಲಿಗೆ ಬಂತೆಂದು ತಮ್ಮ ಕಣ್ಣಿಂದ ನೋಡಿ ಹೇಳಲು ಆಗುವುದಿಲ್ಲ.