ಗೋಳಗುಮ್ಮಟ ಹತ್ತಕ್ಕೆ ತೆರೆಯುತ್ತೆ ಅಂದರೆ ನಂಬಬೇಡಿ

ವಿಜಯಪುರಕ್ಕೆ ರೈಲಿನಲ್ಲಿ ಹೋಗುತ್ತಿದ್ದೀರಾ? ಸ್ಟೇಷನ್ ಹೊರಗೆ ಯಾರಾದರೂ "ಗುಮ್ಮಟ ಹತ್ತಕ್ಕ ತೆಗೀತಾರ್ರೀ, ಅಲ್ಲೀತನಕ ಬ್ಯಾರೆ ಜಾಗ ನೋಡ್ಕೊಂಡು ಬರೋಣ" ಅಂದರೆ ಗಾಡಿ ಹತ್ತಬೇಡಿ. ನಾವು ಹತ್ತಿದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಐದು ಜನ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಅಪ್ಪ. ಅಪ್ಪ 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಆದಿಲ್‌ಶಾಹಿಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ದೊಡ್ಡದೊಂದು ಅರ್ಧ ವೃತ್ತ ಬರೆಯುತ್ತಿದ್ದರು. "ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯಲ್ಲಿ ಕೇಳುತ್ತೆ" ಅನ್ನುತ್ತಿದ್ದರು. ನಾನೂ ಅವರ ಕ್ಲಾಸಿನಲ್ಲಿ ಕೂತು ಇದನ್ನು ಕೇಳಿದವಳೇ. ಆದರೆ ಅವರು ಗುಮ್ಮಟವನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಈಗ 72 ವರ್ಷ, ಮಂಡಿ ನೋವು ಬೇರೆ. ಇನ್ನೂ ತಡ ಮಾಡಿದರೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಕಳೆದ ಡಿಸೆಂಬರಿನಲ್ಲಿ ಹೊರಟೆವು. ಬೆಳಗ್ಗೆ ಹೋಗಿ, ಎಲ್ಲ ನೋಡಿ, ಅದೇ ಸಂಜೆ ವಾಪಸು ರೈಲು. ಮೊದಲ ತಪ್ಪು ಅದೇ, ಅದು ನಮ್ಮದೇ.

ರೈಲು ಇಳಿದಾಗ ಇನ್ನೂ ಚಳಿ ಇತ್ತು. ಸ್ಟೇಷನ್‌ನಿಂದ ಗುಮ್ಮಟ ನಡೆದೇ ಹೋಗುವಷ್ಟು ಹತ್ತಿರ. ಅಪ್ಪ ಅದನ್ನು ನೋಡುತ್ತಾ ನಿಂತುಬಿಟ್ಟರು. ಅಷ್ಟರಲ್ಲಿ ಒಬ್ಬ ಬಂದ. "ಬರ್ರೀ ಅಕ್ಕಾರ, ಹನ್ನೆರಡು ಜಾಗ ತೋರಸ್ತೀನಿ, ಸಾವಿರದ ಎರಡ್ನೂರು ಕೊಡ್ರಿ. ಗುಮ್ಮಟ ಹತ್ತಕ್ಕ ತೆಗೀತಾರ, ಈಗ ಹೋಗಿ ಏನ್ ಮಾಡ್ತೀರಿ?" ಮಾತು ಬಹಳ ಮೆತ್ತಗಿತ್ತು. ಅಪ್ಪನ ಕೈ ಹಿಡಿದು ಕಾರಿಗೆ ಹತ್ತಿಸಿದ. ಬ್ಯಾಗುಗಳನ್ನು ತಾನೇ ಎತ್ತಿ ಡಿಕ್ಕಿಯಲ್ಲಿಟ್ಟ.

ಹತ್ತಕ್ಕೆ ತೆರೆಯುವುದು ಗುಮ್ಮಟದ ಮುಂದೆ ನಗಾರಖಾನೆಯಲ್ಲಿರುವ ಮ್ಯೂಸಿಯಂ. ಅದಕ್ಕೆ ಶುಕ್ರವಾರ ರಜೆ. ಗುಮ್ಮಟ ಬೆಳಗ್ಗೆ ಆರಕ್ಕೇ ತೆರೆದಿರುತ್ತದೆ. ಇದು ಗೊತ್ತಾದದ್ದು ಮಧ್ಯಾಹ್ನ, ಅಲ್ಲಿನ ಕಾವಲಿನವರಿಂದ.

ಕಾರು ಗುಮ್ಮಟದ ಪಕ್ಕದಲ್ಲೇ ಹಾದು ಊರಿನ ಪಶ್ಚಿಮದ ಕೊನೆಗೆ ಹೋಯಿತು. ಅಲ್ಲಿ ಇಬ್ರಾಹಿಂ ರೋಜಾ. ಇದನ್ನು ಮಾತ್ರ ಹೇಳಲೇಬೇಕು, ಎಂಥ ಜಾಗ ಅದು! ಒಂದೇ ಕಟ್ಟೆಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಕೊಳ. ಎರಡನೇ ಇಬ್ರಾಹಿಂ ಆದಿಲ್‌ಶಾ ತನ್ನ ರಾಣಿ ತಾಜ್ ಸುಲ್ತಾನಳಿಗಾಗಿ ಕಟ್ಟಿಸಲು ಶುರು ಮಾಡಿದ್ದು. ಕೊನೆಗೆ 1627ರಲ್ಲಿ ಅವನನ್ನೇ ಅಲ್ಲಿ ಹೂಳಿದರು. ಕಿಟಕಿಗಳ ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯ ಹಾಗೆ ಕೊರೆದಿದ್ದಾರೆ. ಅಪ್ಪ ಮಕ್ಕಳನ್ನು ಕೂರಿಸಿಕೊಂಡು, ಈ ದೊರೆ ಸಂಗೀತದ ಹುಚ್ಚಿನವನು, ಜನ ಇವನನ್ನು ಜಗದ್ಗುರು ಅಂತ ಕರೆಯುತ್ತಿದ್ದರು ಅಂತ ಹೇಳಲು ಶುರು ಮಾಡಿದ್ದರು. ಹೊರಗಿಂದ ಹಾರ್ನ್. ಮತ್ತೆ ಹಾರ್ನ್. ಕಾಲು ಗಂಟೆಗೆ ಎಬ್ಬಿಸಿಬಿಟ್ಟ.

ಮಲಿಕ್-ಎ-ಮೈದಾನ್ ತೋಪನ್ನು ಕಾರಿನ ಕಿಟಕಿಯಿಂದ ಕೈ ತೋರಿಸಿದ, ಅಷ್ಟೇ. ಬುರುಜಿನ ಗೋಡೆ ಬಿಟ್ಟು ಬೇರೇನೂ ಕಾಣಲಿಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಬಾಯಿ ತೆರೆದ ಸಿಂಹ, ಅದರ ಹಲ್ಲಿನ ನಡುವೆ ಸಿಕ್ಕಿಬಿದ್ದ ಆನೆ. ನನ್ನ ಚಿಕ್ಕ ಮಗ ಆ ಸಿಂಹವನ್ನು ನೋಡಬೇಕು ಅಂತ ಮನೆಯಿಂದಲೇ ಹೇಳಿಕೊಂಡು ಬಂದಿದ್ದ. "ಮೇಲೆ ಹೋಗಾಕ ಬಿಡಂಗಿಲ್ರೀ" ಅಂದ ಡ್ರೈವರ್. ಅದೂ ಸುಳ್ಳು. ನಾವು ಮುಂದೆ ಹೋಗುವಾಗ ಒಂದು ಸಂಸಾರ ಮೆಟ್ಟಿಲು ಹತ್ತುತ್ತಿತ್ತು. ಉಪ್ಪಲಿ ಬುರುಜು, ತಾಜ್ ಬಾವಡಿ ಎರಡನ್ನೂ ಹೀಗೇ ಓಡುವ ಕಾರಿನಿಂದ ತೋರಿಸಿ ಲೆಕ್ಕಕ್ಕೆ ಸೇರಿಸಿಕೊಂಡ.

ಆಮೇಲೆ ನಿಲ್ಲಿಸಿದ್ದು ಒಂದು ಸೀರೆ ಅಂಗಡಿಯ ಮುಂದೆ. "ಸುಮ್ನೆ ನೋಡ್ರಿ, ತಗೊಳ್ಳದಿದ್ರ ಬ್ಯಾಡ." ಅಲ್ಲಿ ಐವತ್ತು ನಿಮಿಷ. ಹಾರ್ನ್ ಇಲ್ಲ, ಅವಸರ ಇಲ್ಲ, ಚಹಾ ಬೇರೆ ಕೊಟ್ಟರು. ಕೈಮಗ್ಗದ ಇಳಕಲ್ ಸೀರೆ ಅಂತ 3,200 ರೂಪಾಯಿಗೆ ಒಂದನ್ನು ಕಟ್ಟಿದರು. ಊರಿಗೆ ಬಂದ ಮೇಲೆ ನಮ್ಮ ಅತ್ತೆ ಸೆರಗಿನ ಹತ್ತಿರ ಬೆರಳಾಡಿಸಿ ನೋಡಿ ತಲೆ ಅಲ್ಲಾಡಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೆ ತೋಪ್ ತೆನಿ ಅನ್ನುತ್ತಾರೆ. ನಮ್ಮ ಸೀರೆಯಲ್ಲಿ ಆ ಕೊಂಡಿಯೇ ಇಲ್ಲ, ಇಡೀ ಸೀರೆ ಒಂದೇ ಪಟ್ಟಿ. ಕೊಳ್ಳುವ ಮೊದಲು ಆ ಜಾಗವನ್ನು ತಿರುಗಿಸಿ ನೋಡಿ.

ಗುಮ್ಮಟ ತಲುಪಿದಾಗ ಹನ್ನೆರಡು ದಾಟಿತ್ತು. ಹೊರಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಟಿಕೆಟ್ ತಲೆಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬಾಗಿಲ ಹತ್ತಿರ ಡ್ರೈವರ್ ತನ್ನ ಪರಿಚಯದವನೊಬ್ಬನನ್ನು "ಇವರು ಗೈಡ್" ಅಂತ ನಮಗೆ ಅಂಟಿಸಿದ. ಕೊರಳಲ್ಲಿ ಕಾರ್ಡ್ ಇರಲಿಲ್ಲ. ನಾವು ಕೇಳಲೂ ಇಲ್ಲ.

ಅವನು ಹೇಳಿದ್ದರಲ್ಲಿ ಅರ್ಧಕ್ಕರ್ಧ ತಪ್ಪು. ಒಳಗೆ ಕಟ್ಟೆಯ ಮೇಲೆ ಕಾಣುವುದೇ ಅಸಲಿ ಗೋರಿಗಳು ಅಂದ. ಅಸಲಿ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ, ಮೇಲಿರುವುದು ಗುರುತಿಗೆ. ಇದು ಪ್ರಪಂಚದಲ್ಲೇ ಎಲ್ಲಕ್ಕಿಂತ ದೊಡ್ಡ ಗುಮ್ಮಟ ಅಂದ. ಒಳಗಿನ ಅಗಲ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ 43 ಮೀಟರ್ ದಾಟುತ್ತದೆ. ಅಪ್ಪ ಮೆಲ್ಲಗೆ ತಿದ್ದಲು ಹೋದರು. "ನೀವು ಪುಸ್ತಕದಾಗ ಓದೀರಿ, ನಾವು ಇಲ್ಲೇ ಹುಟ್ಟೀವಿ" ಅಂದುಬಿಟ್ಟ. ಅಪ್ಪ ಆಮೇಲೆ ಮಾತಾಡಲಿಲ್ಲ. ಅವರು ಹಾಗೆ ಸುಮ್ಮನಾಗಿದ್ದು ಈಗಲೂ ನನಗೆ ನೋವು. ಇಲ್ಲಿ ಹೂತಿರುವ ದೊರೆ ಮಹಮ್ಮದ್ ಆದಿಲ್‌ಶಾ, ಅವನು ತೀರಿಕೊಂಡ 1656, ಮಧ್ಯೆ ಒಂದೂ ಕಂಬವಿಲ್ಲದೆ ಒಂದಕ್ಕೊಂದು ಹೆಣೆದ ಎಂಟು ಕಮಾನುಗಳು ಆ ಭಾರ ಹೊತ್ತ ಬಗೆ, ಇದನ್ನೆಲ್ಲ ಮೊಮ್ಮಕ್ಕಳಿಗೆ ಹೇಳಬೇಕು ಅಂತ ಕಾದಿದ್ದವರು ಅವರು.

ಮೇಲೆ ಹೋಗಲು ಮೂಲೆಯ ಗೋಪುರದೊಳಗೆ ಮೆಟ್ಟಿಲು. ಏಳು ಅಂತಸ್ತು. ಇಕ್ಕಟ್ಟು, ಕಡಿದು, ಒಂದೊಂದು ಮೆಟ್ಟಿಲೂ ಎತ್ತರ. ಇಳಿಯುವ ಮಕ್ಕಳಿಗೆ ದಾರಿ ಬಿಡುತ್ತಾ, ಕೂತು ಎದ್ದು, ಅಪ್ಪ ಸುಮಾರು ಮುಕ್ಕಾಲು ಗಂಟೆ ತೆಗೆದುಕೊಂಡರು. ಆದರೂ ಹತ್ತಿದರು.

ಮೇಲೆ ಗುಮ್ಮಟದ ಒಳಸುತ್ತಿನ ಗ್ಯಾಲರಿಗೆ ಕಾಲಿಟ್ಟರೆ ಬರೀ ಕೂಗು. ನೂರಾರು ಮಕ್ಕಳು ಶಿಳ್ಳೆ ಹೊಡೆಯುತ್ತಿದ್ದಾರೆ, ಚಪ್ಪಾಳೆ ತಟ್ಟುತ್ತಿದ್ದಾರೆ, ಹೆಸರು ಹಿಡಿದು ಕಿರುಚುತ್ತಿದ್ದಾರೆ. ಮಕ್ಕಳನ್ನು ಬೈಯಲ್ಲ. ಕೂಗಿದರೆ ಏಳು ಸಲ ಕೇಳುತ್ತೆ ಅಂತ ಅವರಿಗೆ ನಾವೇ ಹೇಳಿಕೊಟ್ಟಿರುತ್ತೇವೆ ಅಲ್ವಾ? ಆದರೆ ಆ ಗ್ಯಾಲರಿಯ ಸೊಗಸು ಕೂಗಿನಲ್ಲಿಲ್ಲ, ಪಿಸುಮಾತಿನಲ್ಲಿದೆ. ದುಂಡಗಿನ ಗೋಡೆಯ ಗುಂಟ ದನಿ ಜಾರಿಕೊಂಡು ಹೋಗಿ ಎದುರು ಬದಿಗೆ ಮುಟ್ಟುತ್ತದೆ. ಒಂದು ಕೂಗು ಅಲ್ಲಿ ಮತ್ತೆ ಮತ್ತೆ ಮೊಳಗುತ್ತಾ ಉಳಿಯುತ್ತದೆ. ಅದು ಅಡಗುವ ಮೊದಲೇ ಇನ್ನೊಂದು, ಅದರ ಮೇಲೆ ಮತ್ತೊಂದು. ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಪ್ಪ ನನ್ನ ಮಗಳನ್ನು ಎದುರು ಬದಿಗೆ ಕಳಿಸಿ, ಗೋಡೆಗೆ ಕಿವಿಯಿಟ್ಟು ನಿಂತರು. ಅವಳು ಗೋಡೆಗೆ ಮುಖ ಮಾಡಿ ಏನೋ ಹೇಳಿದಳು. ಐದು ನಿಮಿಷ ಹಾಗೇ ನಿಂತಿದ್ದರು. ಆಮೇಲೆ ಕೈ ಬೀಸಿ ಅವಳನ್ನು ವಾಪಸು ಕರೆದರು.

ಅಲ್ಲಿದ್ದ ಕಾವಲಿನವರು ಇದನ್ನೆಲ್ಲ ನೋಡುತ್ತಿದ್ದರು. ಹತ್ತಿರ ಬಂದು, "ಮುಂಜಾನೆ ಆರಕ್ಕ ಬರಬೇಕಿತ್ರೀ ಅಜ್ಜಾರ. ಆವಾಗ ಒಂದು ಕಾಗದ ಹರಿದ್ರೂ ಆ ಕಡೆ ಕೇಳಸ್ತದ" ಅಂದರು. ನಾವು ಆರಕ್ಕೆ ಅಲ್ಲದಿದ್ದರೂ ಏಳರೊಳಗೆ ಆ ಗೇಟಿನ ಮುಂದೆಯೇ ಹಾದು ಹೋಗಿದ್ದೆವು.

ಕೆಳಗೆ ಬಂದರೆ ದುಡ್ಡಿನ ಜಗಳ. 1,200 ಬರೀ ಗಾಡಿಗೆ, ಕಾದಿದ್ದಕ್ಕೆ ಬೇರೆ, ಗೈಡಿಗೆ ಬೇರೆ, ಪಾರ್ಕಿಂಗ್ ಬೇರೆ. ಒಟ್ಟು 2,900. ಜುಮ್ಮಾ ಮಸೀದಿ, ಗಗನ ಮಹಲ್, ಬಾರಾ ಕಮಾನು ಇನ್ನೂ ನೋಡೇ ಇಲ್ಲವಲ್ಲ ಅಂದರೆ, "ಟೈಮ್ ಆತ್ರೀ" ಅಂದ. ಬ್ಯಾಗುಗಳು ಡಿಕ್ಕಿಯಲ್ಲಿ, ಕೀಲಿ ಅವನ ಕೈಯಲ್ಲಿ. ಕೊಟ್ಟುಬಿಟ್ಟೆವು.

ನೀವು ಹೋಗುವುದಾದರೆ ಬ್ಯಾಗನ್ನು ಯಾವ ಕಾರಣಕ್ಕೂ ಬಾಡಿಗೆ ಗಾಡಿಯಲ್ಲಿ ಬಿಡಬೇಡಿ. ಅರ್ಧ ದಿನಕ್ಕಾದರೂ ಒಂದು ಲಾಡ್ಜ್ ರೂಮು ಮಾಡಿ, ಅಲ್ಲಿಟ್ಟು ಹೊರಡಿ. ಗೋಳಗುಮ್ಮಟ ಊರಿನ ಪೂರ್ವಕ್ಕೆ, ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಉಳಿದದ್ದು ಬಹುಪಾಲು ನಡುವೆ. ಆದ್ದರಿಂದ ಮೊದಲು ಗುಮ್ಮಟ ಮುಗಿಸಿ, ಅಲ್ಲಿಂದ ಪಶ್ಚಿಮಕ್ಕೆ ಹೋಗುತ್ತಾ ಒಂದೊಂದೇ ನೋಡಿಕೊಂಡು ಹೋಗಬಹುದು. ಇಡೀ ದಿನಕ್ಕೆ ಒಂದೇ ಗಾಡಿ ಬೇಡ, ಒಂದು ಜಾಗದಿಂದ ಇನ್ನೊಂದಕ್ಕೆ ಆಟೋ ಅಥವಾ ಟಾಂಗಾ ಸಾಕು. ಗಾಡಿ ಮಾಡಲೇಬೇಕಾದರೆ ಎಲ್ಲೆಲ್ಲಿ ಇಳಿಸಬೇಕು, ಎಷ್ಟು ಹೊತ್ತು ಕಾಯಬೇಕು, ಒಟ್ಟು ಎಷ್ಟು ಅಂತ ಚೀಟಿಯಲ್ಲಿ ಬರೆಸಿ ಫೋಟೋ ತೆಗೆದುಕೊಳ್ಳಿ. ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಕಾರ್ಡ್ ಕೇಳಿ ನೋಡಿ. ಮೇಲೆ ಹತ್ತಿದ ಮೇಲೆ ದಯವಿಟ್ಟು ಕೂಗಬೇಡಿ. ನಿಮ್ಮ ಎದುರು ಬದಿಯಲ್ಲಿ ಯಾರೋ ಗೋಡೆಗೆ ಕಿವಿಯಿಟ್ಟು ನಿಂತಿರಬಹುದು.

ಜೂನ್ ಕೊನೆಗೆ ಮತ್ತೆ ರೈಲು ಟಿಕೆಟ್ ಮಾಡಿಸಿದ್ದೇವೆ. ಆಗ ಶಾಲೆಗಳು ಆಗಷ್ಟೇ ಶುರುವಾಗಿರುತ್ತವೆ, ಪ್ರವಾಸದ ಬಸ್ಸುಗಳು ಇರಲ್ಲ. ಎರಡು ರಾತ್ರಿ ಅಲ್ಲೇ ಉಳಿಯುತ್ತೇವೆ. ಅಪ್ಪ ಈಗಿನಿಂದಲೇ ದಿನಾ ಸಂಜೆ ಮನೆಯ ಮಹಡಿ ಮೆಟ್ಟಿಲನ್ನು ಎರಡೆರಡು ಸಲ ಹತ್ತಿ ಇಳಿಯುತ್ತಿದ್ದಾರೆ. ಆವತ್ತು ಗೋಡೆಗೆ ಏನು ಹೇಳಿದೆ ಅಂತ ಮಗಳನ್ನು ಕೇಳಿದೆ. ಅವಳು ನನಗೆ ಹೇಳಲಿಲ್ಲ. ತಾತನಿಗೆ ಅಲ್ಲೇ ಹೇಳುತ್ತಾಳಂತೆ.